ಫೌಜಿ ಮನೆಗಳಿಗೆ ಆಪ್ತಸಮಾಲೋಚಕರಾಗಬೇಕೆಂದರೆ

"ನನಗೆ ಮನಸ್ಸಿನ ತೊಂದರೆ ಇದೆ" ಅಂತ ಹೇಳಿಕೊಂಡು ಫೌಜಿಗಳು, ಅಂದರೆ ಸೇನೆಯ ಜವಾನರು, ಬರುವುದು ತೀರಾ ಕಡಿಮೆ. ಬರುವುದು ಹೆಂಡತಿ, ಇಲ್ಲಾ ತಾಯಿ. ಅವರೂ ನೇರವಾಗಿ ಹೇಳುವುದಿಲ್ಲ. "ರಾತ್ರಿ ಮಲಗಂಗಿಲ್ರಿ ಅಕ್ಕಾರ." "ಮಗ ಅಪ್ಪನ ಹತ್ರ ಹೋಗವಲ್ಲ ನೋಡ್ರಿ." "ಕ್ಯಾಂಟೀನ್ ಬಾಟಲಿ ತಂದದ್ದ ತಡ, ಮುಗದ ಹೋಗತಾವು." ನಿದ್ದೆ, ಮಗು, ಕುಡಿತ, ದುಡ್ಡು. ಮಾತು ಶುರುವಾಗುವುದು ಇಲ್ಲಿಂದಲೇ. ಈ ಕೆಲಸಕ್ಕೆ ಬರುವವರು ಸೈಕಾಲಜಿಯ ಜೊತೆಗೆ ಈ ಮನೆಗಳ ಬದುಕನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಬೇಕು.

ನಾನು ಬೆಳಗಾವಿಯವಳು. ನನ್ನ ಗಂಡ ಹವಾಲ್ದಾರ್ ಆಗಿ ನಿವೃತ್ತರಾದವರು. ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಾನು ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದಿದೆ. ಇಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ, ಸುತ್ತಲಿನ ಹಳ್ಳಿಗಳಲ್ಲಿ ಫೌಜಿ ಮನೆಗಳು ಜಾಸ್ತಿ. ಈಗ ನನ್ನ ಕೆಲಸವೆಲ್ಲ ಹೆಚ್ಚಾಗಿ ಆ ಮನೆಗಳವರ ಜೊತೆಗೇ. ಈ ದಾರಿಗೆ ಬರಬೇಕು ಅನ್ನುವ ಹುಡುಗಿಯರು, ಅದರಲ್ಲೂ ಫೌಜಿಗಳ ಹೆಂಡತಿಯರು, ನನ್ನನ್ನು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಓದು. ಎರಡು ದಾರಿಗಳಿವೆ. ಒಂದು, ಸೈಕಾಲಜಿಯಲ್ಲಿ ಪದವಿ, ಆಮೇಲೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ. ಇನ್ನೊಂದು, ಯಾವುದೇ ಪದವಿಯ ಮೇಲೆ ಎಂಎಸ್‌ಡಬ್ಲ್ಯೂ, ಅದರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಾಯಿಸಿಕೊಳ್ಳಬೇಕು. ಮನೆಯಲ್ಲೇ ಕುಳಿತು ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡಬಹುದು ಅಂದುಕೊಂಡವರಿಗೆ ಒಂದು ಮಾತು: 2025ರಲ್ಲಿ ಯುಜಿಸಿ ದೂರಶಿಕ್ಷಣದ ಸೈಕಾಲಜಿ ಕೋರ್ಸ್‌ಗಳಿಗೆ ಹೊಸ ಪ್ರವೇಶ ಕೊಡಬಾರದು ಎಂದು ವಿಶ್ವವಿದ್ಯಾಲಯಗಳಿಗೆ ಹೇಳಿದೆ. ಯಾರಾದರೂ "ಆರು ತಿಂಗಳಲ್ಲಿ ಕೌನ್ಸೆಲರ್ ಸರ್ಟಿಫಿಕೇಟ್" ಅಂತ ಕರೆದರೆ ದುಡ್ಡು ಕಟ್ಟಬೇಡಿ. ಅಂಥದ್ದು ಆಸಕ್ತಿಗೆ ಸರಿ, ವೃತ್ತಿಗೆ ಸಾಲದು.

ಇಂಟರ್ನ್‌ಶಿಪ್ ಎಲ್ಲಿ ಮಾಡುತ್ತೀರಿ ಅನ್ನುವುದು ಮಾರ್ಕ್ಸ್ ಕಾರ್ಡಿಗಿಂತ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ, ಇಲ್ಲದಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ವ್ಯಸನಮುಕ್ತಿ ವಾರ್ಡ್‌ನಲ್ಲಿ ಕಡ್ಡಾಯವಾಗಿ ಕೆಲವು ತಿಂಗಳು ಕಳೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡದ ಪಾಠ. ಸೈನ್ಯದಲ್ಲಿ ಪ್ರತಿಯೊಬ್ಬರಿಗೂ 'ಶೇಪ್' ಅನ್ನುವ ವೈದ್ಯಕೀಯ ದರ್ಜೆ ಇರುತ್ತದೆ. ಅದರ ಐದು ಅಕ್ಷರಗಳಲ್ಲಿ ಮೊದಲನೆಯ 'ಎಸ್' ಮನಸ್ಸಿಗೆ ಸಂಬಂಧಿಸಿದ್ದು. ಶೇಪ್-1 ಅಂದರೆ ಪೂರ್ತಿ ಫಿಟ್. ದರ್ಜೆ ಇಳಿದರೆ ಪ್ರಮೋಷನ್, ಪೋಸ್ಟಿಂಗ್ ಎಲ್ಲದಕ್ಕೂ ಪೆಟ್ಟು. ಸೇವೆಯಲ್ಲಿರುವ ಜವಾನ ಯಾಕೆ ಬಾಯಿ ಬಿಡುವುದಿಲ್ಲ, ಹೆಂಡತಿ ಯಾಕೆ ಬಾಗಿಲು ಹಾಕಿ ಪಿಸುಮಾತಿನಲ್ಲಿ ಹೇಳುತ್ತಾಳೆ ಅನ್ನುವುದು ಇದು ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೂ "ಏನನ್ನೂ ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಜೀವಕ್ಕೆ ಅಪಾಯ ಕಂಡರೆ ಹೇಳಲೇಬೇಕಾಗುತ್ತದೆ ಎನ್ನುವುದನ್ನು ಮೊದಲ ದಿನವೇ, ಸರಳವಾಗಿ ತಿಳಿಸಿ. ಫೌಜಿಗಳು ನೇರ ಮಾತನ್ನು ನಂಬುತ್ತಾರೆ.

ರಜೆಯ ಲೆಕ್ಕವೂ ಗೊತ್ತಿರಲಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಅದರ ಮೇಲೆ ಕ್ಯಾಶುಯಲ್ ರಜೆ. ಅವರು ಫೀಲ್ಡ್ ಪೋಸ್ಟಿಂಗ್‌ನಲ್ಲಿ ದೂರ ಇರುವಾಗ ಮನೆ, ಹೊಲ, ಬ್ಯಾಂಕು, ಮಕ್ಕಳ ಫೀಸು ಎಲ್ಲ ಹೆಂಡತಿಯದೇ. ಅವರು ಬಂದ ಕೂಡಲೇ ಮನೆಯಲ್ಲಿ ಯಾರ ಮಾತು ನಡೆಯಬೇಕು? ರಜೆಯ ಮೊದಲ ವಾರದ ಜಗಳ ಬಹಳ ಮನೆಗಳಲ್ಲಿ ಇದೇ. ಗಂಡ ಕೆಟ್ಟವನಲ್ಲ, ಹೆಂಡತಿ ಹಟಮಾರಿಯೂ ಅಲ್ಲ. ಇಬ್ಬರನ್ನೂ ಕೂರಿಸಿ, ಯಾವ ಕೆಲಸ ಯಾರ ಕೈಲಿ ಅಂತ ಹಂಚಿಕೊಟ್ಟರೆ ಅರ್ಧ ಬಿಸಿ ಇಳಿಯುತ್ತದೆ.

ನಿವೃತ್ತಿ ಇದಕ್ಕಿಂತ ದೊಡ್ಡದು. 15 ವರ್ಷ ಸೇವೆಗೆ ಜವಾನನಿಗೆ ಪಿಂಚಣಿ ಸಿಗುತ್ತದೆ, ಹಾಗಾಗಿ ಎಷ್ಟೋ ಜನ ನಲವತ್ತರ ಒಳಗೇ ಮನೆಗೆ ಬರುತ್ತಾರೆ. ನಿನ್ನೆಯವರೆಗೆ ಹತ್ತು ಜನರಿಗೆ ಆರ್ಡರ್ ಕೊಟ್ಟವರು ಇವತ್ತು ಎಟಿಎಂ ಮುಂದೆ ಸೆಕ್ಯೂರಿಟಿ. 2022ರಲ್ಲಿ ಬಂದ ಅಗ್ನಿಪಥ ನೇಮಕಾತಿ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷ, ಹೊರಬಿದ್ದವರಿಗೆ ಪಿಂಚಣಿಯೂ ಇಲ್ಲ. ಅವರ ಚಿಂತೆ ಬೇರೆಯೇ ಥರ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡು, ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಜೀವಿತ ಪ್ರಮಾಣಪತ್ರ, ಕುಟುಂಬ ಪಿಂಚಣಿಯ ಕಾಗದ, ಇವನ್ನು ನೀವು ಕಲಿತಿರಲೇಬೇಕು. ಗಂಡನನ್ನು ಕಳೆದುಕೊಂಡವಳ ಪಿಂಚಣಿಗಾಗಿ ಅತ್ತೆ ಮನೆ, ತವರು ಮನೆ ಎರಡೂ ಎಳೆದಾಡುತ್ತಿರುವಾಗ, ಅವಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಹೇಗೆ? ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅವಳ ಜೊತೆ ಹೋಗಿ. ದುಃಖದ ಮಾತು ದಾರಿಯಲ್ಲೇ ಬರುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್ ಮನೆಯವರು ಇಸಿಎಚ್‌ಎಸ್‌ಗೆ ಸೇರುವುದಿಲ್ಲ, ಅವರನ್ನು ಸುಮ್ನೆ ಅಲ್ಲಿಗೆ ಅಲೆಸಬೇಡಿ.

ಈಗ ಕುಡಿತದ ವಿಷಯ. ಕುಡಿತ ಎಷ್ಟರ ಮಟ್ಟಿಗಿದೆ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಅನ್ನುವ ಹತ್ತು ಪ್ರಶ್ನೆಗಳಿವೆ, ಬಾಯಿಪಾಠ ಮಾಡಿಕೊಳ್ಳಿ. ದಿನಾ ಜಾಸ್ತಿ ಕುಡಿಯುವವರಿಗೆ "ಇವತ್ತಿನಿಂದಲೇ ಬಿಟ್ಟುಬಿಡಿ" ಅಂತ ಮಾತ್ರ ಹೇಳಬೇಡಿ. ತಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ವೈದ್ಯರ ಕೈಯಲ್ಲೇ ಬಿಡಿಸಬೇಕು. ವಾರ್ಡ್‌ನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ಅಂದಿದ್ದು ಇದಕ್ಕೇ. ನಡುಕ ನೋಡಿದವರಿಗೆ ಅದರ ಗುರುತು ಸಿಗುತ್ತದೆ.

ಕೆಟ್ಟ ಕನಸಿನಿಂದ ಬೆಚ್ಚಿ ಬೀಳುವವರ ಹೆಂಡತಿಗೆ ಮೊದಲು ಹೇಳಿಕೊಡಬೇಕಾದ್ದು: ಮೈ ಮುಟ್ಟಿ ಅಲುಗಾಡಿಸಬೇಡಿ. ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ. ದೀಪಾವಳಿಯ ಪಟಾಕಿಗೆ ಮುಂಚೆಯೇ ಅವರನ್ನು ಸಿದ್ಧ ಮಾಡಿ. ನಡೆದ ಘಟನೆಯನ್ನು ಪೂರ್ತಿ ಹೇಳಿ ಎಂದು ಮೊದಲ ಭೇಟಿಯಲ್ಲೇ ಕೆದಕಬೇಡಿ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಇರಬಹುದು ಅನ್ನಿಸಿದರೆ ಅದನ್ನು ಗುರುತಿಸುವ ಪಿಸಿಎಲ್-5 ಪ್ರಶ್ನಾವಳಿಯ 20 ಪ್ರಶ್ನೆಗಳು ಸಾಕು, ಅದರ ನಂತರ ಮನೋವೈದ್ಯರ ಬಳಿ ಕಳಿಸಿ. ಕಣ್ಣಿನ ಚಲನೆ ಬಳಸಿ ಆಘಾತದ ನೆನಪುಗಳನ್ನು ಶಮನ ಮಾಡುವ ಇಎಂಡಿಆರ್‌ನಂಥ ಚಿಕಿತ್ಸೆಗಳಿಗೆ ಪ್ರತ್ಯೇಕ ತರಬೇತಿ ಬೇಕು, ಒಂದು ದಿನದ ವರ್ಕ್‌ಶಾಪ್ ನಂಬಿ ಕೈ ಹಾಕಬಾರದು.

ಸಾಯುವ ಯೋಚನೆ ಬರುತ್ತದಾ ಅಂತ ಬಾಯಿಬಿಟ್ಟೇ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ. ಜೊತೆಗೇ ಕೇಳಿ, ಮನೆಯಲ್ಲಿ ಬಂದೂಕು ಇದೆಯಾ? ಬ್ಯಾಂಕಿನ ಗಾರ್ಡ್ ಕೆಲಸಕ್ಕೆ ಲೈಸೆನ್ಸ್ ಬಂದೂಕು ಇಟ್ಟುಕೊಂಡ ಮಾಜಿ ಸೈನಿಕರು ಎಷ್ಟೋ ಜನ. ಕೊಡಗಿನಲ್ಲಂತೂ ಮನೆಯಲ್ಲಿ ಕೋವಿ ಇರುವುದು ಸಾಮಾನ್ಯ. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡುವುದು ಅವರಿಗೆ ರೂಢಿಯೇ. ಈ ಕಷ್ಟದ ದಿನಗಳಿಗೂ ಹಾಗೇ ಮಾಡೋಣ ಎಂದರೆ ಒಪ್ಪುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮನೆಯವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆ, ಅವರ ಮನೆಯವರಿಗೆ ಅಂತಲೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕ ಶುರುವಾಗಿದೆ.

ನೀವೇ ಫೌಜಿ ಮನೆಯವರಾಗಿದ್ದರೆ ಮೇಲ್ವಿಚಾರಕರೊಬ್ಬರು ಇಲ್ಲದೆ ಈ ಕೆಲಸ ಮಾಡಬೇಡಿ. ಎದುರಿಗೆ ಕೂತವಳ ಕಥೆ ನಿಮ್ಮದೇ ಅನ್ನಿಸುವ ದಿನಗಳು ಬಂದೇ ಬರುತ್ತವೆ. ಅವತ್ತು ನಿಮ್ಮ ಮಾತು ಕೇಳುವವರೂ ಒಬ್ಬರು ಬೇಕು, ಅಲ್ವಾ? ನಾನು ಈಗಲೂ ಹಿರಿಯರೊಬ್ಬರ ಬಳಿ ನನ್ನ ಕೇಸ್‌ಗಳನ್ನು ಹೇಳಿಕೊಳ್ಳುತ್ತೇನೆ.

ಕೆಲಸ ಸಿಗುವ ಕಡೆಗಳು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಟೆಲಿ ಮಾನಸ್, ಸೈನಿಕರ ಮಕ್ಕಳು ಓದುವ ಶಾಲೆಗಳು. ಸ್ವಂತ ಕೋಣೆ ತೆರೆಯುವವರು ಮಾಜಿ ಸೈನಿಕರ ಸಂಘದ ಹಿರಿಯರನ್ನು ಮೊದಲೇ ಕಂಡು ಪರಿಚಯ ಮಾಡಿಕೊಳ್ಳಿ. ಅವರು ಹೇಳಿದರೆ ಜನ ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಡೈರಿಯಲ್ಲಿ ಜಾಗ ಬಿಡಿ. ಮಕ್ಕಳ ರಜೆ ನೋಡಿಕೊಂಡು ಜವಾನರು ಊರಿಗೆ ಬರುವುದು ಆಗಲೇ, ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೂರಿಸಲು ಆಗುವುದೂ ಆಗಲೇ.