ರಸ್ತೆ ನಡುವಿನ ಕಣಗಿಲೆಗೆ ನಾನು ಹಾಕಿದ ಮತ

ಪ್ರತಿ ಅಕ್ಟೋಬರ್‌ನಲ್ಲಿ ಕೌಂಟಿಯಿಂದ, ಅಂದರೆ ಇಲ್ಲಿನ ಜಿಲ್ಲಾಡಳಿತದಿಂದ, ನಮ್ಮ ಮನೆಗೆ ಒಂದು ಲಕೋಟೆ ಬರುತ್ತದೆ. ಆಸ್ತಿ ತೆರಿಗೆ ಬಿಲ್ಲು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವು ಮನೆ ತಗೊಂಡಿದ್ದು 2012ರಲ್ಲಿ. ಮೊದಮೊದಲು ಅದನ್ನು ಕರೆಂಟ್ ಬಿಲ್ಲಿನ ಹಾಗೆ ನೋಡುತ್ತಿದ್ದೆ. ಕೆಳಗಿರುವ ಮೊತ್ತ ಎಷ್ಟು, ಕೊನೇ ದಿನ ಯಾವತ್ತು, ಅಷ್ಟೇ. ಮೈಸೂರಲ್ಲಿ ಅಪ್ಪ ಏಪ್ರಿಲ್ ಮುಗಿಯುವುದರೊಳಗೆ ಕಂದಾಯ ಕಟ್ಟಿ, 5% ರಿಯಾಯಿತಿ ಗಿಟ್ಟಿಸಿಕೊಂಡು, ಯುದ್ಧ ಗೆದ್ದವರ ಹಾಗೆ ಮನೆಗೆ ಬರುತ್ತಿದ್ದರು. ಇಲ್ಲಿ ರಿಯಾಯಿತಿ ಗಿಯಾಯಿತಿ ಇಲ್ಲ. ಡಿಸೆಂಬರ್ 10ಕ್ಕೆ ಒಂದು ಕಂತು, ಏಪ್ರಿಲ್ 10ಕ್ಕೆ ಇನ್ನೊಂದು. ತಪ್ಪಿದರೆ 10% ದಂಡ.

ಮೂರನೇ ವರ್ಷವೋ ಏನೋ, ಒಂದು ಸಂಜೆ ಬಿಲ್ಲನ್ನು ಪೂರ್ತಿ ಓದಿದೆ. ಮೇಲೆ ಮುಖ್ಯ ತೆರಿಗೆ, ಆಸ್ತಿ ಮೌಲ್ಯದ 1%. 1978ರಲ್ಲಿ ಇಲ್ಲಿನ ಜನ ಪ್ರಾಪೊಸಿಷನ್ 13 ಅನ್ನುವ, ಜನರ ಮುಂದಿಟ್ಟ ಪ್ರಸ್ತಾವಕ್ಕೆ ಮತ ಹಾಕಿ ಆ ಮಿತಿ ಹಾಕಿಬಿಟ್ಟಿದ್ದಾರೆ. ಅದರ ಕೆಳಗೆ ಚಿಲ್ಲರೆ ಸಾಲುಗಳು. ಚರಂಡಿಗೆ ಇಷ್ಟು, ಸೊಳ್ಳೆ ನಿಯಂತ್ರಣಕ್ಕೆ ಇಷ್ಟು. ಸೊಳ್ಳೆಗೂ ಬೇರೆ ದುಡ್ಡಾ ಅಂತ ನಗುತ್ತಾ ಕೆಳಗಿಳಿದರೆ, ‘ಲ್ಯಾಂಡ್‌ಸ್ಕೇಪಿಂಗ್ ಅಂಡ್ ಲೈಟಿಂಗ್’ ಅಂತ ಒಂದು ಸಾಲು. 78 ಡಾಲರ್ 46 ಸೆಂಟ್.

ಈ ಮೊತ್ತಗಳು ಯಾವಾಗಲೂ ಸರಿಸಂಖ್ಯೆಯ ಸೆಂಟಿನಲ್ಲೇ ಮುಗಿಯುತ್ತವೆ. ಎರಡು ಕಂತಿಗೆ ಸಮವಾಗಿ ಒಡೆಯಬೇಕಲ್ಲ, ಅದಕ್ಕೆ. ಇದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಆದರೆ ಈಗಲೂ ಬಿಲ್ಲು ಬಂದ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತದೆ.

ಆ 78 ಡಾಲರ್ ಯಾವುದಕ್ಕೆ ಅಂದರೆ, ನಮ್ಮ ಬಡಾವಣೆಯ ಮುಖ್ಯ ರಸ್ತೆಯ ನಡುವಿನ ಪಟ್ಟಿಗೆ. ಉದ್ದಕ್ಕೂ ಹುಲ್ಲು, ನಡುನಡುವೆ ಮರ, ಮತ್ತೆ ಸಾಲಾಗಿ ಕಣಗಿಲೆ. ಹೌದು, ನಮ್ಮ ಕಣಗಿಲೆಯೇ. ಕ್ಯಾಲಿಫೋರ್ನಿಯಾದ ಹೆದ್ದಾರಿಗಳ ಪಕ್ಕ ಮೈಲುಗಟ್ಟಲೆ ಇದನ್ನೇ ನೆಟ್ಟಿದ್ದಾರೆ. ದನ ತಿನ್ನಲ್ಲ, ನೀರು ಜಾಸ್ತಿ ಕೇಳಲ್ಲ. ನಾನಂತೂ ಮೊದಲ ವಾರ ಶಿವನ ಪೂಜೆಗೆ ಎರಡು ಹೂ ಕಿತ್ತುಕೊಂಡು ಬಂದು, ‘ಸಿಟಿ ಆಸ್ತಿ ಮುಟ್ಟಬೇಡ’ ಅಂತ ನಮ್ಮ ಮನೆಯವರ ಹತ್ತಿರ ಬೈಸಿಕೊಂಡಿದ್ದೆ.

2015ರ ಏಪ್ರಿಲ್ 1ರಂದು ಆಗಿನ ಗವರ್ನರ್ ಜೆರ್ರಿ ಬ್ರೌನ್ ಬರಗಾಲದ ಆದೇಶ ಹೊರಡಿಸಿದರು. ನಗರಗಳಲ್ಲಿ ನೀರಿನ ಬಳಕೆ 25% ಇಳಿಸಬೇಕು. ರಸ್ತೆ ನಡುವಿನ ಅಲಂಕಾರದ ಹುಲ್ಲಿಗೆ ಕುಡಿಯುವ ನೀರು ಹಾಕುವಂತಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಹುಲ್ಲು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಅದಾದರೂ ಸರಿ. ಆದರೆ ಮರಗಳಿಗೂ ಹುಲ್ಲಿಗೂ ಒಂದೇ ಪೈಪು. ಹುಲ್ಲಿಗೆ ನಲ್ಲಿ ನಿಲ್ಲಿಸಿದಾಗ ಮರಗಳೂ ಒಣಗತೊಡಗಿದವು. ಮುಂದಿನ ವರ್ಷವೂ ಯಾರೂ ಬಂದು ನೋಡಲಿಲ್ಲ. ಸಿಟಿಗೆ ಫೋನ್ ಮಾಡಿದೆ. ಆ ಕಡೆಯಿಂದ ಒಬ್ಬರು ಬಹಳ ಮರ್ಯಾದೆಯಿಂದಲೇ ಹೇಳಿದರು: ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ದುಡ್ಡಿಲ್ಲ.

ಸಿಟಿಯಲ್ಲಿ ದುಡ್ಡಿಲ್ಲ ಅಂದಿದ್ದರೆ ಅರ್ಥವಾಗುತ್ತಿತ್ತು. ನಮ್ಮ ಡಿಸ್ಟ್ರಿಕ್ಟ್ ಅಂದರೇನು?

ಆಮೇಲೆ ತಿಳಿದದ್ದು ಇಷ್ಟು. 1972ರ ಒಂದು ಕಾಯಿದೆ ಪ್ರಕಾರ ಸಿಟಿ ಕೌನ್ಸಿಲ್ ಒಂದಿಷ್ಟು ಮನೆಗಳ ಸುತ್ತ ಗೆರೆ ಎಳೆದು, ಆ ಗೆರೆಯೊಳಗಿನ ಗಿಡ, ದೀಪಗಳ ಖರ್ಚನ್ನು ಆ ಮನೆಗಳ ಮೇಲೇ ಹಾಕಬಹುದು. ಇದು ತೆರಿಗೆ ಅಲ್ಲ, ಅಸೆಸ್‌ಮೆಂಟ್. ತೆರಿಗೆ ದೊಡ್ಡ ಹುಂಡಿಗೆ ಹೋಗುತ್ತದೆ. ಇದು ಆ ಗೆರೆಯೊಳಗೇ ಖರ್ಚಾಗಬೇಕು. 1996ರ ನವೆಂಬರ್‌ನಲ್ಲಿ ಜನ ಪ್ರಾಪೊಸಿಷನ್ 218 ಪಾಸು ಮಾಡಿದರು. ಅಲ್ಲಿಂದ ಮುಂದೆ ಅಸೆಸ್‌ಮೆಂಟ್ ಏರಿಸಬೇಕಾದರೆ ಆಸ್ತಿ ಮಾಲೀಕರಿಗೆ ಬ್ಯಾಲೆಟ್ ಕಳಿಸಲೇಬೇಕು. ಬೆಲೆ ಏರಿದ ಹಾಗೆ ಇಷ್ಟಿಷ್ಟು ಏರುತ್ತದೆ ಅಂತ ಮೊದಲೇ ಒಪ್ಪಿಸಿಕೊಂಡಿದ್ದರೆ ಪ್ರತಿ ಸಲ ಕೇಳಬೇಕಿಲ್ಲ. ನಮ್ಮದು ಅದಕ್ಕೂ ಹಳೇ ಡಿಸ್ಟ್ರಿಕ್ಟ್. ಆ ಷರತ್ತು ಬರೆದಿರಲಿಲ್ಲ. ಹಾಗಾಗಿ ನೀರಿನ ದರ ಎಲ್ಲಿಗೋ ಹೋಗಿದ್ದರೂ ನಮ್ಮ 78 ಡಾಲರ್ ಅಲ್ಲೇ ಕೂತಿತ್ತು.

ನಾನು ಮಾಡಿದ ಮೊದಲ ತಪ್ಪು, ಜೂನ್‌ನಲ್ಲಿ ನೇರ ಸಭೆಗೆ ಹೋಗಿದ್ದು. ವರ್ಷಕ್ಕೊಮ್ಮೆ ಈ ಅಸೆಸ್‌ಮೆಂಟ್ ಬಗ್ಗೆ ಸಾರ್ವಜನಿಕ ಅಹವಾಲು ಇರುತ್ತದೆ. ಚೀಟಿಯಲ್ಲಿ ಹೆಸರು ಬರೆದುಕೊಟ್ಟು, ಮೈಕಿನ ಮುಂದೆ ನಿಂತು, ಒಣಗಿದ ಮರದ ಫೋಟೋ ತೋರಿಸಿದೆ. ಮೂರು ನಿಮಿಷಕ್ಕೆ ಕೆಂಪು ದೀಪ ಹತ್ತಿತು. ಮೇಯರ್ ಥ್ಯಾಂಕ್ಸ್ ಹೇಳಿದರು. ಐದು ನಿಮಿಷದಲ್ಲಿ ಅದೇ 78 ಡಾಲರ್ ಪಾಸಾಯಿತು. ಅದಕ್ಕೂ ಮೊದಲು, ನಮ್ಮ ವಿಷಯ ಕರೆದ ತಕ್ಷಣ ಒಬ್ಬ ಸದಸ್ಯರು ಎದ್ದು ಹೊರಗೆ ನಡೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಕೇಳುವ ತಾಳ್ಮೆಯೂ ಇಲ್ವಾ ಅಂತ. ಆಮೇಲೆ ಗೊತ್ತಾಯಿತು, ಅವರ ಮನೆ ನಮ್ಮ ಡಿಸ್ಟ್ರಿಕ್ಟ್‌ನಲ್ಲೇ ಇದೆ. ಸ್ವಂತ ಆಸ್ತಿಯ ವಿಷಯ ಬಂದಾಗ ಸದಸ್ಯರು ಕಾರಣ ಹೇಳಿ ಕೊಠಡಿಯಿಂದ ಹೊರಗೆ ಹೋಗಬೇಕು. 1974ರ ಕಾನೂನು. ಕಾರಣವನ್ನೂ ಹೇಳಿದ್ದರು, ನಾನು ಗಾಬರಿಯಲ್ಲಿ ಕೇಳಿಸಿಕೊಂಡಿರಲಿಲ್ಲ. ಬೇರೆ ಬೇರೆ ಡಿಸ್ಟ್ರಿಕ್ಟ್‌ಗಳಿಗೆ ಬೇರೆ ಬೇರೆ ಮತ ಯಾಕೆ, ಒಬ್ಬರು ಹೋಗಿ ಒಬ್ಬರು ಬರುವ ಈ ಮೆರವಣಿಗೆ ಯಾಕೆ ಅನ್ನುವುದೂ ಆಗಲೇ ಅರ್ಥವಾಯಿತು.

ಜೂನ್‌ಗೆ ಹೋದರೆ ಊಟ ಮುಗಿದ ಮೇಲೆ ಅಡುಗೆಗೆ ಉಪ್ಪು ಕಡಿಮೆ ಅಂದ ಹಾಗೆ. ಅಡುಗೆ ಶುರುವಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಕೌನ್ಸಿಲ್ ‘ಎಂಜಿನಿಯರ್ಸ್ ರಿಪೋರ್ಟ್’, ಅಂದರೆ ಖರ್ಚು ಎಷ್ಟು, ಯಾರ ಪಾಲು ಎಷ್ಟು ಅನ್ನುವ ಲೆಕ್ಕ, ತಯಾರಿಸಿ ಅಂತ ಠರಾವು ಮಾಡುತ್ತದೆ. ಮೇ ಹೊತ್ತಿಗೆ ಅದಕ್ಕೆ ಪ್ರಾಥಮಿಕ ಒಪ್ಪಿಗೆ. ಜೂನ್ ಅಥವಾ ಜುಲೈನಲ್ಲಿ ಅಹವಾಲು, ಆಗಸ್ಟ್‌ನಲ್ಲಿ ಪಟ್ಟಿ ಕೌಂಟಿಗೆ, ಅಕ್ಟೋಬರ್‌ನಲ್ಲಿ ಲಕೋಟೆ ನಮ್ಮ ಮನೆಗೆ. ಮೊದಲೆರಡು ಹಂತ ಹೆಚ್ಚಾಗಿ ‘ಕನ್ಸೆಂಟ್ ಕ್ಯಾಲೆಂಡರ್’ನಲ್ಲಿ ಇರುತ್ತವೆ. ಅಂದರೆ ಚರ್ಚೆ ಬೇಡದ ಹತ್ತಿಪ್ಪತ್ತು ವಿಷಯಗಳ ಕಂತೆ, ಎಲ್ಲಕ್ಕೂ ಒಂದೇ ಮತ. ಸಭೆಯ ವಿಷಯಪಟ್ಟಿ 72 ಗಂಟೆ ಮೊದಲು ಹಾಕಲೇಬೇಕು ಅನ್ನುವ ನಿಯಮ ಇದೆ. ಶುಕ್ರವಾರ ರಾತ್ರಿ ಅದನ್ನು ತೆಗೆದು ನೋಡುವುದು ನನಗೆ ಚಟವಾಯಿತು.

2017ರ ರಿಪೋರ್ಟನ್ನು ಪ್ರಿಂಟ್ ಹಾಕಿಸಿ, ಹಳದಿ ಪೆನ್ನು ಹಿಡಿದು ಕೂತೆ. ಅರ್ಧ ಭಾಗ ಸುಮ್ನೆ ಕಾನೂನಿನ ಮಂತ್ರ. ಹಿಂದಿನ ಪುಟಗಳಲ್ಲಿ ಅಸಲು ವಿಷಯ: ಪ್ರತಿ ಝೋನ್‌ನ (ಗೆರೆ ಎಳೆದ ಪ್ರತಿ ಭಾಗದ) ಖರ್ಚಿನ ಪಟ್ಟಿ. ನೀರು, ಗುತ್ತಿಗೆದಾರರು, ಸಿಟಿಯ ಆಡಳಿತ ಖರ್ಚು, ಕೌಂಟಿಯ ವಸೂಲಿ ಶುಲ್ಕ. ನಮ್ಮ ಝೋನ್‌ನಲ್ಲಿ ಹುಲ್ಲಿಗೆ ನೀರು ನಿಲ್ಲಿಸಿ ಎರಡು ವರ್ಷವಾಗಿತ್ತು. ಆದರೂ ನೀರಿನ ಖರ್ಚು ಇಳಿದೇ ಇರಲಿಲ್ಲ. ಅದ್ಹೇಗೆ?

ನೀರಿನ ಮೀಟರುಗಳ ಪಟ್ಟಿ ಕೊಡಿ ಅಂತ ಸಾರ್ವಜನಿಕ ದಾಖಲೆಯ ಅರ್ಜಿ ಹಾಕಿದೆ. ಐದು ಮೀಟರ್ ನಂಬರು ಬಂದವು. ಒಂದು ಭಾನುವಾರ ಸಂಜೆ ನಾನೂ ಮಗಳೂ ಫೋನಿನ ಟಾರ್ಚ್ ಹಿಡಿದುಕೊಂಡು, ನೆಲದಲ್ಲಿ ಹೂತ ಕಾಂಕ್ರೀಟ್ ಡಬ್ಬಿಗಳ ಮುಚ್ಚಳ ಎತ್ತಿ ನಂಬರು ಓದುತ್ತಾ ಹೊರಟೆವು. ಒಂದರಲ್ಲಿ ಜೇಡರ ಬಲೆ, ಇನ್ನೊಂದರಲ್ಲಿ ಕೆಸರು. ನಾಲ್ಕು ಸಿಕ್ಕಿದವು. ಐದನೆಯದು ನಮ್ಮ ರಸ್ತೆಯಲ್ಲಿ ಎಲ್ಲೂ ಇಲ್ಲ. ಅದು ಸಿಕ್ಕಿದ್ದು ಪಕ್ಕದ ಪಾರ್ಕಿನ ಬೇಲಿಯೊಳಗೆ. ಊರಿಗೆಲ್ಲ ಸೇರಿದ ಪಾರ್ಕು. ಅಲ್ಲಿ ಫುಟ್‌ಬಾಲ್ ಆಡುವ ಮೈದಾನದ ನೀರು ನಮ್ಮ ಲೆಕ್ಕಕ್ಕೆ ಬೀಳುತ್ತಿತ್ತು. ಕೇಡು ಬಗೆದು ಮಾಡಿದ್ದಲ್ಲ ಅಂತಲೇ ನನ್ನ ಅಂದಾಜು. ಯಾವುದೋ ಕಾಲದಲ್ಲಿ ಯಾರೋ ತಪ್ಪು ಕಾಲಮ್ಮಿಗೆ ಹಾಕಿದ್ದರು, ಆಮೇಲೆ ಬಂದವರೆಲ್ಲ ಅದನ್ನೇ ಇಳಿಸಿಕೊಂಡು ಬಂದಿದ್ದರು.

ಫೋಟೋ ಸಮೇತ ಇಮೇಲ್ ಕಳಿಸಿದೆ. ಉತ್ತರ ಬರಲು ಆರು ವಾರ ಹಿಡಿಯಿತು. ಆದರೆ ತಿದ್ದಿದರು, ಒಂದಿಷ್ಟು ದುಡ್ಡನ್ನು ವಾಪಸ್ ನಮ್ಮ ಲೆಕ್ಕಕ್ಕೆ ಹಾಕಿದರು. ಮೂರು ನಿಮಿಷದ ಭಾಷಣದಿಂದ ಆಗದ್ದು ಒಂದು ಮೀಟರ್ ನಂಬರಿನಿಂದ ಆಯಿತು.

ಅಷ್ಟಾದರೂ ಕೊರತೆ ತುಂಬಲಿಲ್ಲ. ಸತ್ತ ಹುಲ್ಲು ಕಿತ್ತು, ಹನಿ ನೀರಾವರಿ ಹಾಕಿ, ನೀರು ಕಡಿಮೆ ಬೇಡುವ ಗಿಡ ನೆಡಬೇಕು. 2018ರಲ್ಲಿ ಸಿಟಿ ಕೇಳಿದ್ದು ಮನೆಗೆ 132 ಡಾಲರ್, ಜೊತೆಗೆ ಬೆಲೆ ಏರಿಕೆಗೆ ತಕ್ಕ ಹಾಗೆ ವರ್ಷವರ್ಷ ಸ್ವಲ್ಪ ಏರಿಕೆ. ಅಹವಾಲಿಗೆ 45 ದಿನ ಮೊದಲೇ ಎಲ್ಲ ಮಾಲೀಕರಿಗೂ ನೋಟಿಸು ಮತ್ತು ಬ್ಯಾಲೆಟ್ ಅಂಚೆಯಲ್ಲಿ ಬರಬೇಕು. ಬಂತು.

ಆ ಲಕೋಟೆ ಹಿಡಿದು ನಾನು ಅಡುಗೆಮನೆಯಲ್ಲಿ ಒಂದು ಕ್ಷಣ ಸುಮ್ಮನೆ ನಿಂತೆ. ಈ ದೇಶಕ್ಕೆ ಬಂದು ಹದಿಮೂರು ವರ್ಷ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಾ ಕೂತವರು ನಾವು. ಅಧ್ಯಕ್ಷರಿಗೂ ಇಲ್ಲ, ಮೇಯರ್‌ಗೂ ಇಲ್ಲ, ಸ್ಕೂಲ್ ಬೋರ್ಡಿಗೂ ನಮ್ಮ ಮತ ಇಲ್ಲ. ಆದರೆ ಇದು ಚುನಾವಣೆ ಅಲ್ಲ. ದಾಖಲೆಯಲ್ಲಿ ಮಾಲೀಕರು ಅಂತ ಹೆಸರಿದ್ದರೆ ಸಾಕು, ಪೌರತ್ವ ಯಾರೂ ಕೇಳಲ್ಲ. ಅಮೆರಿಕದಲ್ಲಿ ನಾನು ಹಾಕಿದ ಮೊದಲ ಮತ ಕಣಗಿಲೆ ಗಿಡಕ್ಕೆ.

ಬೀದಿಯಲ್ಲಿ ನಮ್ಮಂಥವರು ಬಹಳ ಮಂದಿ ಇದ್ದರು. ಅವರಿಗೆಲ್ಲ ಇದು ತಮಗಲ್ಲ ಅನಿಸಿತ್ತು. ನಾನು ಮನೆಮನೆಗೆ ಹೋದೆ. ಎದುರು ಮನೆಯ ತೆಲುಗಿನವರು ಲಕೋಟೆಯನ್ನು ಪಿಜ್ಜಾ ಕೂಪನ್ನುಗಳ ಜೊತೆ ಕಸಕ್ಕೆ ಹಾಕಿದ್ದರು, ಡಬ್ಬಿಯಿಂದ ಎತ್ತಿಸಿದೆ. ತಿರುವಿನಲ್ಲಿರುವ ಹಾಸನದ ಆಂಟಿ, ‘ಸಹಿ ಹಾಕಿದ್ರೆ ವೀಸಾಗೆ ಏನೂ ತೊಂದ್ರೆ ಆಗಲ್ಲ ಅಲ್ವೇನಮ್ಮಾ?’ ಅಂತ ಮೂರು ಸಲ ಕೇಳಿದರು. ಸಹಿ ಇಲ್ಲದಿದ್ದರೆ ಬ್ಯಾಲೆಟ್ ಲೆಕ್ಕಕ್ಕಿಲ್ಲ. ಇದನ್ನೇ ಜಾಸ್ತಿ ಹೇಳಬೇಕಾಯಿತು. ಪಕ್ಕದ ಮನೆಯ ಹಿರಿಯರು, ಆ ಬೀದಿಯ ಮೊದಲ ನಿವಾಸಿ, ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: 1978ರಲ್ಲೂ ಮತ ಹಾಕಿದ್ದೇನೆ, 1996ರಲ್ಲೂ ಹಾಕಿದ್ದೇನೆ, ಈಗ ಹೌದು ಅನ್ನಲ್ಲ. ಜಗಳವಾಡಲು ನನ್ನ ಹತ್ತಿರ ಮಾತಿರಲಿಲ್ಲ. ಅವರು ನಿಂಬೆಹಣ್ಣು ಕೊಟ್ಟು ಕಳಿಸಿದರು.

ಎಣಿಕೆ ಅಹವಾಲು ಮುಗಿದ ಮೇಲೆ, ಎಲ್ಲರ ಕಣ್ಣೆದುರಿಗೇ. ಇಲ್ಲಿ ತಲೆಗೊಂದು ಮತ ಅಲ್ಲ, ಡಾಲರಿಗೊಂದು ಮತ. ಯಾರು ಎಷ್ಟು ಕಟ್ಟಬೇಕೋ ಅವರ ಮತಕ್ಕೆ ಅಷ್ಟು ತೂಕ. ವಾಪಸ್ ಬಂದ ಬ್ಯಾಲೆಟ್‌ಗಳನ್ನು ಮಾತ್ರ ತೂಗುತ್ತಾರೆ. ‘ಬೇಡ’ದ ತೂಕ ಜಾಸ್ತಿಯಾದರೆ ಕೌನ್ಸಿಲ್ ಕೈಕಟ್ಟಿ ಕೂರಬೇಕು. ನಮ್ಮ ಮನೆಗಳಿಂದ ಬಂದವು 104. ಹೌದು 49, ಬೇಡ 55. ಆರು ಮನೆಗಳ ಅಂತರ, ಅಂದರೆ 792 ಡಾಲರ್. ನಾನು ಚೀಲ ಎತ್ತಿಕೊಂಡೆ. ಆಗ ಕೊನೆಯ ಲಕೋಟೆ ಒಡೆದರು. ಮೂಲೆಯಲ್ಲಿರುವ ಅಂಗಡಿ ಸಾಲಿನ ಮಾಲೀಕರದು. 31 ಮನೆಗಳಷ್ಟು ತೂಕ, 4092 ಡಾಲರ್. ಹೌದು.

ಗೆದ್ದೆವು. ಖುಷಿಯೂ ಆಯಿತು, ಒಂಥರಾ ಮುಜುಗರವೂ ಆಯಿತು. ಮನೆಗಳು ಬೇಡ ಅಂದಿದ್ದವು, ಒಬ್ಬರು ತೂಕ ಹಾಕಿ ತಕ್ಕಡಿ ತಿರುಗಿಸಿದರು. ಅವರು ಬೇಡ ಅಂದು, ಮನೆಗಳೆಲ್ಲ ಹೌದು ಅಂದಿದ್ದರೆ ನಾನು ಎಷ್ಟು ಕೂಗಾಡುತ್ತಿದ್ದೆನೋ. ಈ ತೂಕದ ವಿಷಯಕ್ಕೆ ಕೋರ್ಟಿಗೆ ಹೋದವರೂ ಇದ್ದಾರೆ. ಸ್ಯಾನ್ ಡಿಯೆಗೋದ ಗೋಲ್ಡನ್ ಹಿಲ್ ಬಡಾವಣೆಯವರು 2011ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು. ಸಿಟಿಯ ಸ್ವಂತ ಜಾಗಗಳ ಮತಕ್ಕೆ ಕೊಟ್ಟ ತೂಕಕ್ಕೆ ಆಧಾರ ಇರಲಿಲ್ಲ. ಊರಿಗೆಲ್ಲ ಆಗುವ ಲಾಭವನ್ನೂ ಆ ಮನೆಗಳಿಗಷ್ಟೇ ಆಗುವ ಲಾಭವನ್ನೂ ರಿಪೋರ್ಟು ಸರಿಯಾಗಿ ಬೇರ್ಪಡಿಸಿರಲಿಲ್ಲ.

ಅಂಗಡಿಗಳ ಅಸೆಸ್‌ಮೆಂಟ್ ಇನ್ನೊಂದು ಕಥೆ. ಡೌನ್‌ಟೌನಿನ ಅಡ್ಡರಸ್ತೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ದೋಸೆ ಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ. ಅಲ್ಲಿ ವ್ಯಾಪಾರದ ಬೀದಿಗಳ ಸುಧಾರಣೆಗೆ ಅಂತಲೇ ಇರುವ 1989ರ ಬೇರೆ ಕಾಯಿದೆ. ವ್ಯಾಪಾರದ ಲೈಸೆನ್ಸ್ ಜೊತೆಗೇ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಕಟ್ಟಡದ ಮಾಲೀಕರಲ್ಲ, ವ್ಯಾಪಾರ ಮಾಡುವವರು ಕಟ್ಟಬೇಕು. ಬ್ಯಾಲೆಟ್ ಇಲ್ಲ. ಬೇಡ ಅನ್ನುವವರು ಲಿಖಿತವಾಗಿ ತಕರಾರು ಕೊಡಬೇಕು, ಒಟ್ಟು ಮೊತ್ತದ ಅರ್ಧ ಕಟ್ಟುವವರು ಹಾಗೆ ಕೊಟ್ಟರೆ ಮಾತ್ರ ನಿಲ್ಲುತ್ತದೆ. ಮನೆ ವಿಷಯದಲ್ಲಿ ಲಕೋಟೆ ಕಸಕ್ಕೆ ಹಾಕಿದವರು ಲೆಕ್ಕಕ್ಕೇ ಇಲ್ಲ. ಇಲ್ಲಿ ಕಸಕ್ಕೆ ಹಾಕಿದವರೆಲ್ಲ ಒಪ್ಪಿದ ಹಾಗೆ. ಹೂಕುಂಡ ತೂಗುಹಾಕಿದ್ದೆಲ್ಲ ಮುಖ್ಯ ರಸ್ತೆಗೆ, ನಮ್ಮ ಅಡ್ಡರಸ್ತೆಗೆ ಒಂದೂ ಇಲ್ಲ. ನಾನು ತಕರಾರು ಬರೆದೆ. ಆ ವರ್ಷ ಬರೆದವರು ನಾವು ಮೂರೇ ಅಂಗಡಿಯವರು. ಮರುವರ್ಷ ಸಲಹಾ ಮಂಡಳಿಯಲ್ಲಿ ಜಾಗ ಖಾಲಿಯಾದಾಗ ಅರ್ಜಿ ಹಾಕಿ ಸೇರಿಕೊಂಡೆ. ವಾರ್ಷಿಕ ವರದಿ ಬರೆಯುವುದು ಆ ಮಂಡಳಿಯೇ. ಈಗ ಅಡ್ಡರಸ್ತೆಯವರಿಗೆ ದರ ಕಡಿಮೆ, ಕುಂಡ ಮಾತ್ರ ಇನ್ನೂ ಬಂದಿಲ್ಲ.

ಬಡಾವಣೆಯ ರಸ್ತೆ ಈಗ ಚೆನ್ನಾಗಿದೆ. ಹುಲ್ಲಿನ ಜಾಗದಲ್ಲಿ ಲ್ಯಾವೆಂಡರ್ ಮತ್ತು ಬೂದುಬಣ್ಣದ ಯಾವುದೋ ಪೊದೆ. ಕಣಗಿಲೆ ಉಳಿಯಿತು. ಎಣಿಕೆ ಆದ ಮೇಲೆ ಬ್ಯಾಲೆಟ್‌ಗಳೆಲ್ಲ ಸಾರ್ವಜನಿಕ ದಾಖಲೆ. ಯಾರು ಏನು ಬರೆದರು ಅಂತ ಹೋಗಿ ನೋಡಬಹುದಿತ್ತು. ನೋಡಲಿಲ್ಲ. ಪಕ್ಕದ ಮನೆಯವರದಂತೂ ನೋಡದೆಯೇ ಗೊತ್ತು. ಹೋದ ತಿಂಗಳು ಬೆಳಿಗ್ಗೆ ಆರೂವರೆಗೆ ಅವರದೇ ಫೋನು. ಮೂರನೇ ಕಣಗಿಲೆ ಹತ್ತಿರ ಪೈಪು ಒಡೆದು ನೀರು ರಸ್ತೆಗೆ ಹರಿಯುತ್ತಿದೆ, ನಮ್ಮ 132 ಡಾಲರ್ ಚರಂಡಿಗೆ ಹೋಗುತ್ತಿದೆ, ಬೇಗ ಯಾರಿಗಾದರೂ ಹೇಳು ಅಂದರು. ಮೊತ್ತ ಈಗ 132 ದಾಟಿದೆ ಅಂತ ನಾನು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವರಾಗಲೇ ಟಾರ್ಚ್ ಹಿಡಿದು ಅಲ್ಲಿ ನಿಂತಿದ್ದರು.