‘ತಕ್ಕದ್ದು’ ಇದ್ದಲ್ಲೆಲ್ಲ ಒಂದು ಕೆಂಪು ಗೆರೆ: ವಿಧೇಯಕದ ಖರ್ಚು ಲೆಕ್ಕ ಹಾಕಿದ ನನ್ನ ಅನುಭವ

ಕಡತ ಆರ್ಥಿಕ ಇಲಾಖೆಯಿಂದ ಹಿಂದಕ್ಕೆ ಬಂದಿತ್ತು. ಟಿಪ್ಪಣಿ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದರು: ‘ಖಂಡ 9ರಲ್ಲಿ ಹೇಳಿರುವ ಕೆಲಸವನ್ನು ಯಾರು ಮಾಡುತ್ತಾರೆ?’

ನಾನು ಆಗ ಸಚಿವಾಲಯದಲ್ಲಿ ಶಾಖಾಧಿಕಾರಿ. ನಮ್ಮ ಇಲಾಖೆ ಒಂದು ವಿಧೇಯಕ, ಅಂದರೆ ಕಾನೂನಿನ ಕರಡು, ತರಲು ಹೊರಟಿತ್ತು. ಅದರ ಒಂದೊಂದು ಕಲಮನ್ನು ಖಂಡ ಎನ್ನುತ್ತಾರೆ. ಒಂದು ಬಗೆಯ ಕಸುಬು ಮಾಡುವವರೆಲ್ಲ ತಾಲ್ಲೂಕು ಮಟ್ಟದಲ್ಲಿ ನೋಂದಣಿ ಮಾಡಿಸಬೇಕು, ಅವರ ಮೇಲೆ ದೂರು ಬಂದರೆ ವಿಚಾರಣೆ ಆಗಬೇಕು ಅನ್ನುವುದು ಅದರ ತಿರುಳು. ಇಂಥ ವಿಧೇಯಕದ ಕೊನೆಯಲ್ಲಿ ಆರ್ಥಿಕ ಜ್ಞಾಪನ ಪತ್ರ ಅಂತ ಪುಟ್ಟ ಭಾಗ ಒಂದಿರುತ್ತದೆ. ಈ ಕಾನೂನು ಬಂದರೆ ಬೊಕ್ಕಸಕ್ಕೆ ಎಷ್ಟು ಹೊರೆ ಎಂದು ಅಲ್ಲಿ ಹೇಳಬೇಕು. ಹಳೆಯ ವಿಧೇಯಕಗಳನ್ನು ತಿರುವಿದೆ. ಎಷ್ಟೋ ಕಡೆ ಹೆಚ್ಚುವರಿ ವೆಚ್ಚವೇನೂ ಇಲ್ಲ ಅನ್ನುವ ಒಂದೇ ವಾಕ್ಯ. ನಾನೂ ಹಾಗೇ ಬರೆದು ಕಳಿಸಿದ್ದೆ. ಒಂದು ಲೆಕ್ಕವನ್ನೂ ಹಾಕದೆ ಬರೆದ ವಾಕ್ಯ ಅದು. ತಪ್ಪು ನನ್ನದೇ.

ಇದು ಸುಮ್ನೆ ತುಂಬುವ ಕಾಲಂ ಅಲ್ಲ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಬೊಕ್ಕಸದಿಂದ, ಖರ್ಚಾಗುವ ವಿಧೇಯಕವನ್ನು ರಾಜ್ಯಪಾಲರ ಶಿಫಾರಸು ಇಲ್ಲದೆ ಸದನ ಅಂಗೀಕರಿಸುವಂತಿಲ್ಲ. ಸಂವಿಧಾನದ 207(3)ನೇ ಅನುಚ್ಛೇದ ಹಾಗೆ ಹೇಳುತ್ತದೆ. ಲೋಕಸಭೆಯ ನಿಯಮ 69 ಇನ್ನೂ ಬಿಡಿಸಿ ಹೇಳುತ್ತದೆ: ಒಂದೇ ಸಲದ ಖರ್ಚು ಎಷ್ಟು, ವರ್ಷ ವರ್ಷ ಬರುವ ಖರ್ಚು ಎಷ್ಟು ಎಂದು ಜ್ಞಾಪನ ಪತ್ರದಲ್ಲಿ ತೋರಿಸಬೇಕು, ಖರ್ಚು ತರುವ ಖಂಡಗಳನ್ನು ದಪ್ಪ ಅಥವಾ ಓರೆ ಅಕ್ಷರದಲ್ಲಿ ಅಚ್ಚು ಹಾಕಬೇಕು. ಓದುವ ಸದಸ್ಯರ ಕಣ್ಣು ಅಲ್ಲಿ ನಿಲ್ಲಲಿ ಅಂತ.

ಖಂಡ 9ನ್ನು ಮತ್ತೆ ಓದಿದೆ. ‘ನೋಂದಣಾಧಿಕಾರಿಯು ಪ್ರತಿಯೊಂದು ಅರ್ಜಿಯ ಸ್ಥಳ ಪರಿಶೀಲನೆ ಮಾಡತಕ್ಕದ್ದು.’ ಎಷ್ಟೋ ಸಲ ಓದಿದ್ದ ಸಾಲು. ಆದರೆ ಅದರೊಳಗೆ ಒಬ್ಬ ಮನುಷ್ಯ, ಅವನ ಗಾಡಿ, ಅವನ ಒಂದು ದಿನ ಇದೆ ಎಂದು ಅವತ್ತೇ ಕಂಡದ್ದು.

ಅಂದು ಸಂಜೆ ಕೆಂಪು ಪೆನ್ಸಿಲ್ ಹಿಡಿದು ಕೂತೆ. ಕನ್ನಡ ವಿಧೇಯಕದಲ್ಲಿ ಕಡ್ಡಾಯವಾದದ್ದೆಲ್ಲ ‘ತಕ್ಕದ್ದು’ ಎಂದು ಮುಗಿಯುತ್ತದೆ. ನೇಮಿಸತಕ್ಕದ್ದು, ಪ್ರಕಟಿಸತಕ್ಕದ್ದು, ವರದಿ ಸಲ್ಲಿಸತಕ್ಕದ್ದು. ಒಂದೊಂದರ ಕೆಳಗೂ ಗೆರೆ ಎಳೆದೆ. 34 ಬಂದವು. ಪ್ರತಿ ಗೆರೆಯ ಪಕ್ಕ ಮೂರು ಪ್ರಶ್ನೆ ಬರೆದೆ: ಯಾರು, ಎಷ್ಟು ಸಲ, ಏನು ಹಿಡಿದುಕೊಂಡು? ‘ಬಹುದು’ ಎಂದು ಮುಗಿಯುವ ವಾಕ್ಯಗಳಿಗೆ ನೀಲಿ ಗೆರೆ. ಅವು ಇವತ್ತಿನ ಖರ್ಚಲ್ಲ, ಆದರೆ ನಾಳೆ ಯಾರಾದರೂ ಆ ಬಾಗಿಲು ತೆಗೆಯುತ್ತಾರೆ. ಇವತ್ತಿಗೂ ಯಾವುದೇ ವಿಧೇಯಕ ಕೈಗೆ ಬಂದರೆ ನಾನು ಮೊದಲು ಮಾಡುವ ಕೆಲಸ ಇದೇ.

ಎಲ್ಲಕ್ಕಿಂತ ಕಷ್ಟ ಕೊಡುವ ಮಾತು ಇನ್ನೊಂದಿದೆ. ‘ನಿಯಮಿಸಬಹುದಾದಂಥ ರೀತಿಯಲ್ಲಿ.’ ಅಂದರೆ ವಿವರ ಆಮೇಲೆ ನಿಯಮಗಳಲ್ಲಿ ಬರುತ್ತದೆ. ಪರಿಶೀಲನೆ ವರ್ಷಕ್ಕೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಅನ್ನುವುದು ಅಲ್ಲಿ ತೀರ್ಮಾನವಾದರೆ ಖರ್ಚು ನಾಲ್ಕು ಪಟ್ಟು ವ್ಯತ್ಯಾಸ ಆಗುತ್ತದೆ. ಹಾಗಾಗಿ ಕರಡು ನಿಯಮ ಕೊಡಿ ಎಂದು ಕೇಳಲು ಶುರು ಮಾಡಿದೆ. ಇನ್ನೂ ಬರೆದಿಲ್ಲ ಅಂದರೆ, ‘ವರ್ಷಕ್ಕೆ ಒಮ್ಮೆ ಪರಿಶೀಲನೆ ಎಂದು ಭಾವಿಸಿದೆ’ ಅಂತ ಟಿಪ್ಪಣಿಯಲ್ಲೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಅದನ್ನು ಬದಲಿಸಿದರೆ ಖರ್ಚು ಯಾಕೆ ಏರಿತು ಎಂದು ಕಡತವೇ ಹೇಳುತ್ತದೆ.

ಒಂದು ಅರ್ಜಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತು ನಿಮಿಷ ಅಂದರು ಒಬ್ಬರು, ಅರ್ಧ ದಿನ ಅಂದರು ಇನ್ನೊಬ್ಬರು. ಮೇಲಿನವರ ಅನುಮತಿ ಪಡೆದು ಒಂದು ತಾಲ್ಲೂಕಿನ ನಮ್ಮ ಕಚೇರಿಗೆ ಹೋದೆ. ಅಲ್ಲಿ ಇದೇ ಥರದ ಇನ್ನೊಂದು ನೋಂದಣಿ ಆಗಲೇ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬ ದ್ವಿತೀಯ ದರ್ಜೆ ಸಹಾಯಕಿ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ.

ಒಬ್ಬ ಯುವಕ ಅರ್ಜಿ ತಂದ. ಆಕೆ ಓದಿದರು. ಆಧಾರ್ ಪ್ರತಿಯ ಹೆಸರಿಗೂ ಅರ್ಜಿಯ ಹೆಸರಿಗೂ ಇನಿಷಿಯಲ್ ಹೊಂದಿರಲಿಲ್ಲ. ಅವನನ್ನು ಜೆರಾಕ್ಸ್ ಅಂಗಡಿಗೆ ಕಳಿಸಿದರು. ಅವನು ಬರುವಷ್ಟರಲ್ಲಿ ಇನ್ನಿಬ್ಬರನ್ನು ನೋಡಿದರು. ಮತ್ತೆ ಇವನ ಅರ್ಜಿ ತೆಗೆದು ಆವಕ ವಹಿಯಲ್ಲಿ ನಮೂದಿಸಿದರು. ಕಂಪ್ಯೂಟರಿನಲ್ಲಿ ಹಾಕಿದರು. ನೆಟ್‌ವರ್ಕ್ ನಿಂತಿತು. ಕಾದರು. ಸ್ವೀಕೃತಿ ಚೀಟಿ ತೆಗೆದರು, ಸೀಲು ಹೊಡೆದರು. ಅವನಿಗಾಗಿಯೇ ಹೋದ ಹೊತ್ತನ್ನು ಕೂಡಿದರೆ 38 ನಿಮಿಷ. ದಿನವಿಡೀ ಕೂತು 11 ಅರ್ಜಿ ನೋಡಿದೆ. ಸರಾಸರಿ 40ರ ಆಸುಪಾಸು.

ಎದ್ದು ಹೊರಡುವಾಗ ಆಕೆ ಮೆಲ್ಲಗೆ ಕೇಳಿದರು, “ಮೇಡಂ, ಹೊಸ ಕಾನೂನು ಬಂದರೆ ಅದನ್ನೂ ನಾನೇ ನೋಡಬೇಕಾ?” ಜ್ಞಾಪನ ಪತ್ರದಲ್ಲಿ ನಾನು ಬರೆದಿದ್ದ ವಾಕ್ಯದ ನಿಜವಾದ ಅರ್ಥ ಅದೇ ಆಗಿತ್ತು. ಹೆಚ್ಚುವರಿ ವೆಚ್ಚ ಇಲ್ಲ ಅಂದರೆ, ಆ ಕೆಲಸ ಈಕೆಯ ತಲೆ ಮೇಲೆ. ಜನರಿಗೆ ಆಗುವ ತಡವೂ ಒಂದು ಖರ್ಚು, ಅಲ್ವಾ? ಅದು ಬಜೆಟ್ಟಿನಲ್ಲಿ ಕಾಣುವುದಿಲ್ಲ ಅಷ್ಟೇ.

ಬೆಂಗಳೂರಿಗೆ ಬಂದು ಲೆಕ್ಕಕ್ಕೆ ಕೂತೆ. ವಿಧಾನ ತಿಳಿಯಲಿ ಎಂದು ಇಲ್ಲಿ ದುಂಡು ಸಂಖ್ಯೆ ಇಟ್ಟುಕೊಳ್ಳುತ್ತೇನೆ. ವರ್ಷಕ್ಕೆ 60,000 ಅರ್ಜಿ, ಒಂದಕ್ಕೆ 40 ನಿಮಿಷ. ಅಲ್ಲಿಗೆ 40,000 ಗಂಟೆ. ರಜೆ, ಸಭೆ, ಚುನಾವಣಾ ಕೆಲಸ ಎಲ್ಲ ಕಳೆದು ಒಬ್ಬ ನೌಕರ ವರ್ಷಕ್ಕೆ 230 ದಿನ, ದಿನಕ್ಕೆ 6 ಗಂಟೆ ಈ ಕೆಲಸಕ್ಕೆ ಸಿಗುತ್ತಾನೆ ಅಂದರೆ 1,380 ಗಂಟೆ. ಭಾಗಿಸಿದರೆ 29 ಜನ ಬೇಕು. ಸ್ಥಳ ಪರಿಶೀಲನೆ ಇದಕ್ಕೆ ಸೇರಿಲ್ಲ. ಅದರ ಲೆಕ್ಕ ಬೇರೆ: ದೂರ, ಗಾಡಿ, ಪ್ರಯಾಣ ಭತ್ಯೆ.

29 ಹುದ್ದೆಗೆ ಮೂಲ ವೇತನ ಮಾತ್ರ ಗುಣಿಸುವುದು ಎಲ್ಲರೂ ಮಾಡುವ ತಪ್ಪು. 7ನೇ ರಾಜ್ಯ ವೇತನ ಆಯೋಗದ ಶ್ರೇಣಿ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಮೇಲೆ ರಾಜ್ಯ ನೌಕರರ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಗೆ ಸರ್ಕಾರದ ಪಾಲು ಶೇ. 14. ಗಳಿಕೆ ರಜೆ ನಗದೀಕರಣ ಇದೆ. ಕುರ್ಚಿ, ಮೇಜು, ಕಂಪ್ಯೂಟರ್ ಒಂದೇ ಸಲದ ಖರ್ಚು. ಸಂಬಳ ಮಾತ್ರ ಪ್ರತಿ ವರ್ಷ ಏರುತ್ತಾ ಹೋಗುವ ಖರ್ಚು. ಒಂದು ಹುದ್ದೆ ಮಂಜೂರು ಮಾಡುವುದೆಂದರೆ 30 ವರ್ಷದ ಮಾತು. ಅದಕ್ಕೇ ನಾನು ಒಂದು ವರ್ಷದ ಮೊತ್ತ ಬರೆದು ನಿಲ್ಲಿಸುವುದಿಲ್ಲ, ಐದು ವರ್ಷದ ಪಟ್ಟಿ ಮಾಡುತ್ತೇನೆ.

ಸಣ್ಣ ಸಾಮಾನುಗಳನ್ನು ಕಡೆಗಣಿಸಬಾರದು. ನಮ್ಮ ವಿಧೇಯಕದ ಒಂದು ಖಂಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ಒಂದು ವಹಿ ಇಡತಕ್ಕದ್ದು ಎಂದಿತ್ತು. ಒಂದು ವಹಿಗೆ 300 ರೂಪಾಯಿ ಅಂದುಕೊಳ್ಳಿ. ರಾಜ್ಯದಲ್ಲಿ 6,000ದ ಹತ್ತಿರ ಗ್ರಾಮ ಪಂಚಾಯಿತಿಗಳಿವೆ. ಸುಮಾರು 18 ಲಕ್ಷ. ಅದು ಪಂಚಾಯಿತಿ ದುಡ್ಡು, ನಮ್ಮ ಲೆಕ್ಕಕ್ಕೆ ಬೇಡ ಎಂದು ಸಹೋದ್ಯೋಗಿ ಒಬ್ಬರು ಹೇಳಿದರು. ನಾನು ಬಿಡಲಿಲ್ಲ. ಯಾರ ಜೇಬಿನಿಂದ ಹೋದರೂ ಅದು ಈ ಕಾನೂನು ತಂದ ಖರ್ಚೇ. ಇನ್ನೊಬ್ಬರ ಮೇಲೆ ಹೊರಿಸಿ ಶೂನ್ಯ ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಆದಾಯದ ಕಡೆ ಇನ್ನೂ ಎಚ್ಚರ ಬೇಕು. ದಂಡದ ಹಣದಿಂದಲೇ ಕಚೇರಿ ನಡೆಯುತ್ತದೆ ಎಂದು ಕರಡಿನಲ್ಲಿ ಹೇಳಿದ್ದರು. ದಂಡವನ್ನು ನಾನು ಆದಾಯಕ್ಕೆ ಸೇರಿಸುವುದೇ ಇಲ್ಲ. ಕಾನೂನು ಚೆನ್ನಾಗಿ ನಡೆದರೆ ದಂಡ ಕಡಿಮೆಯಾಗಬೇಕು. ಶುಲ್ಕ, ತೆರಿಗೆಯ ವಿಷಯಕ್ಕೆ ಬಂದರೆ ಜನ ಸುಮ್ನೆ ಕೂರುವುದಿಲ್ಲ ಅನ್ನುವುದನ್ನು ಮರೆಯಬಾರದು. 2023ರ ಅಕ್ಟೋಬರ್ 1ರಿಂದ ಆಸ್ತಿಗಳ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತು ಮಾಡುವ ಬೆಲೆ, ಪರಿಷ್ಕರಣೆ ಆಗುತ್ತದೆ ಎಂದು ಗೊತ್ತಾದಾಗ, ಸೆಪ್ಟೆಂಬರಿನಲ್ಲೇ ಜನ ಉಪ ನೋಂದಣಿ ಕಚೇರಿಗಳಿಗೆ ಮುಗಿಬಿದ್ದರು. ಅಂಥ ಸೆಪ್ಟೆಂಬರ್ ನೋಡಿ ಇಡೀ ವರ್ಷ ಅಂದಾಜು ಮಾಡಿದರೂ ತಪ್ಪು, ಅದರ ಮುಂದಿನ ತಿಂಗಳು ನೋಡಿ ಮಾಡಿದರೂ ತಪ್ಪು.

ಐದು ವರ್ಷದ ಪಟ್ಟಿ ಯಾಕೆ ಬೇಕು ಎಂದು ಕಿರಿಯರು ಕೇಳಿದಾಗ ನಾನು ಶಿಕ್ಷಣ ಹಕ್ಕು ಕಾಯ್ದೆಯ ಉದಾಹರಣೆ ಕೊಡುತ್ತೇನೆ. 2009ರ ಆ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳ ಪ್ರವೇಶ ಹಂತದ ಶೇ. 25 ಸೀಟಿನ ಮಕ್ಕಳಿಗೆ ಸರ್ಕಾರ ಶುಲ್ಕ ಮರುಪಾವತಿ ಮಾಡಬೇಕು. ನಮ್ಮಲ್ಲಿ ಮೊದಮೊದಲು ಒಂದನೇ ತರಗತಿಯ ಮಗುವಿಗೆ ಗರಿಷ್ಠ 11,848 ರೂಪಾಯಿ ಇತ್ತು. ಲೆಕ್ಕಕ್ಕೆ ಒಂದು ಲಕ್ಷ ಮಕ್ಕಳು ಅಂದುಕೊಳ್ಳಿ. ಮೊದಲ ವರ್ಷ 118 ಕೋಟಿ ಚಿಲ್ಲರೆ. ಎರಡನೇ ವರ್ಷ ಆ ಮಕ್ಕಳು ಎರಡನೇ ತರಗತಿಗೆ ಹೋಗುತ್ತಾರೆ, ಹಿಂದೆಯೇ ಹೊಸ ಲಕ್ಷ ಮಕ್ಕಳು ಬರುತ್ತಾರೆ. ಎಂಟನೇ ತರಗತಿವರೆಗೆ ಹೀಗೇ ಕೂಡುತ್ತಾ ಹೋಗಿ, ಶುಲ್ಕ ಒಂದು ಪೈಸೆ ಏರದಿದ್ದರೂ ಎಂಟನೇ ವರ್ಷಕ್ಕೆ 948 ಕೋಟಿ ಹತ್ತಿರ. ಮೊದಲ ವರ್ಷ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೇ ಕಾಂಗ್ರೆಷನಲ್ ಬಜೆಟ್ ಆಫೀಸ್ ಇದೆ. 1974ರ ಕಾಯ್ದೆಯಿಂದ ಹುಟ್ಟಿದ್ದು. ಅದು ಅಧ್ಯಕ್ಷರ ಆಡಳಿತಕ್ಕೆ ಸೇರಿಲ್ಲ, ಸಂಸತ್ತಿಗೆ ಸೇರಿದೆ. ಸಾಮಾನ್ಯವಾಗಿ ಹತ್ತು ವರ್ಷದ ಅಂದಾಜು ಕೊಡುತ್ತದೆ. ನಮ್ಮಲ್ಲಿ ವಿಧೇಯಕ ತರಬೇಕೆಂದು ಆಸೆಪಡುವ ಇಲಾಖೆಯೇ ಅದರ ಖರ್ಚನ್ನೂ ಬರೆಯುತ್ತದೆ. ಮದುವೆ ಮಾಡಿಸಲು ಹೊರಟವರ ಕೈಯಲ್ಲೇ ಖರ್ಚಿನ ಪಟ್ಟಿ ಕೊಟ್ಟ ಹಾಗೆ. ಶಾಸಕಾಂಗಕ್ಕೆ ತನ್ನದೇ ಆದ ಲೆಕ್ಕದ ಕಚೇರಿ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರುವವರೆಗೆ ನಮ್ಮ ಅಂದಾಜಿನ ಜೊತೆ, ಅದು ಹೇಗೆ ಬಂತು ಅನ್ನುವ ಹಾಳೆಯನ್ನೂ ಇಡಲೇಬೇಕು.

ನಾನು ಇಟ್ಟೆ. ಒಂದು ಕಡೆ ಕಡಿಮೆ, ಒಂದು ಕಡೆ ಜಾಸ್ತಿ ಎಂದು ಎರಡು ಮೊತ್ತ, ಪ್ರತಿ ಊಹೆಗೂ ಒಂದು ಸಾಲು ಕಾರಣ. ಕಡತ ಎರಡನೇ ಸಲ ಹೋದಾಗ ಪ್ರಶ್ನೆ ಬರಲಿಲ್ಲ, ಒಪ್ಪಿಗೆ ಬಂತು. ಅಷ್ಟೂ ಹುದ್ದೆ ಸಿಗಲಿಲ್ಲ. ಅರ್ಜಿ ಜಾಸ್ತಿ ಬರುವ ತಾಲ್ಲೂಕುಗಳಿಗೆ ಮಾತ್ರ ಒಬ್ಬೊಬ್ಬರನ್ನು ಕೊಟ್ಟರು. ವಿಧೇಯಕದಲ್ಲೂ ಒಂದು ಬದಲಾವಣೆ ಆಯಿತು: ಖಂಡ 9ರಲ್ಲಿದ್ದ ‘ಪ್ರತಿಯೊಂದು ಅರ್ಜಿಯ’ ಸ್ಥಳ ಪರಿಶೀಲನೆ, ‘ದೂರು ಬಂದ ಪ್ರಕರಣಗಳಲ್ಲಿ’ ಪರಿಶೀಲನೆ ಎಂದಾಯಿತು.

ಜಾರಿಯಾಗಿ ಎರಡು ವರ್ಷದ ಮೇಲೆ ಆ ಹಾಳೆ ತೆಗೆದು ನಿಜವಾದ ಖರ್ಚಿನ ಪಕ್ಕ ಇಟ್ಟು ನೋಡಿದೆ. ಯಾರೂ ಕೇಳಿರಲಿಲ್ಲ, ನನಗೇ ನೋಡಬೇಕು ಅನಿಸಿತು. ಸಂಬಳದ ಅಂದಾಜು ಹೆಚ್ಚುಕಮ್ಮಿ ಸರಿಯಿತ್ತು. ತಪ್ಪಿದ್ದು ತಂತ್ರಾಂಶದಲ್ಲಿ. ಮಾಡಿಸುವ ಖರ್ಚು ಹಾಕಿದ್ದೆ, ವರ್ಷ ವರ್ಷದ ನಿರ್ವಹಣೆ ಹಾಕಿದ್ದೆ, ಅರ್ಜಿದಾರರಿಗೆ ಹೋಗುವ ಎಸ್‌ಎಂಎಸ್ ಖರ್ಚು ಬಿಟ್ಟಿದ್ದೆ. ಒಂದೊಂದು ಕೆಲವೇ ಪೈಸೆ, ಒಂದು ಅರ್ಜಿಗೆ ಐದಾರು ಸಂದೇಶ. ಖಂಡ 14 ತೆಗೆದು ನೋಡಿದರೆ ಅಲ್ಲೇ ಇತ್ತು: ‘ಪ್ರತಿ ಹಂತದಲ್ಲೂ ಅರ್ಜಿದಾರನಿಗೆ ತಿಳಿಸತಕ್ಕದ್ದು.’ ಅದರ ಕೆಳಗೆ ನನ್ನದೇ ಕೆಂಪು ಗೆರೆ ಇತ್ತು. ಪಕ್ಕದಲ್ಲಿ ‘ಯಾರು’ ಎಂದು ಬರೆದಿದ್ದೆ, ‘ಎಷ್ಟು ಸಲ’ ಎಂದು ಬರೆದಿರಲಿಲ್ಲ.