ಇಂಗ್ಲೆಂಡಿನಲ್ಲಿ ಪಾಠ ಮಾಡ್ತೀರಾ? ಇನ್‌ಕಮ್ ಪ್ರೊಟೆಕ್ಷನ್ ಪಾಲಿಸಿ ಆರಿಸುವುದು ಹೀಗೆ

ಇಂಗ್ಲೆಂಡ್, ವೇಲ್ಸ್‌ನ ಶಾಲೆಗಳಲ್ಲಿ ಕೆಲಸ ಮಾಡುವ ನಮ್ಮ ಮೇಷ್ಟ್ರುಗಳು, ಟೀಚರುಗಳು ಇನ್‌ಕಮ್ ಪ್ರೊಟೆಕ್ಷನ್ ಪಾಲಿಸಿ ತೆಗೆದುಕೊಳ್ಳುವಾಗ ಎಡವುವುದು ಹೆಚ್ಚುಕಡಿಮೆ ಒಂದೇ ಕಡೆ. ತಿಂಗಳಿಗೆ ಪ್ರೀಮಿಯಂ ಎಷ್ಟು ಅಂತ ನೋಡುತ್ತಾರೆ, ಅಗ್ಗದ್ದನ್ನು ಆರಿಸುತ್ತಾರೆ, ಮುಗೀತು. ಕಾಯಿಲೆ ಬಿದ್ದರೆ ಶಾಲೆಯವರು ಎಷ್ಟು ದಿನ ಸಂಬಳ ಕೊಡುತ್ತಾರೆ ಅಂತ ಕೇಳಿ ನೋಡಿ, ಉತ್ತರ ಇರುವುದಿಲ್ಲ. ಅದು ಗೊತ್ತಿಲ್ಲದೆ ಈ ಪಾಲಿಸಿ ಆರಿಸಲು ಆಗುವುದೇ ಇಲ್ಲ. ಆದ್ದರಿಂದ ವಿಮಾ ಕಂಪನಿಯ ವೆಬ್‌ಸೈಟ್ ಮುಚ್ಚಿ, ನಿಮ್ಮ ನೇಮಕಾತಿ ಪತ್ರ ತೆಗೆಯಿರಿ.

ಶುರು ಮಾಡುವ ಮುಂಚೆ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇರೆ, ಇದು ಬೇರೆ. ಅದು ಪಟ್ಟಿಯಲ್ಲಿರುವ ದೊಡ್ಡ ಕಾಯಿಲೆ ಬಂದರೆ ಒಂದೇ ಸಲ ಇಡಿಗಂಟು ಕೊಡುತ್ತದೆ. ಬೆನ್ನುನೋವು, ಖಿನ್ನತೆ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇನ್‌ಕಮ್ ಪ್ರೊಟೆಕ್ಷನ್ ಹಾಗಲ್ಲ. ಪಾಲಿಸಿಯಲ್ಲಿ ಹೊರಗಿಡದ ಯಾವ ಕಾಯಿಲೆಯಿಂದಾದರೂ ಸರಿ, ಕೆಲಸ ಮಾಡಲು ಆಗದಿದ್ದರೆ ಸಂಬಳದ ಒಂದು ಪಾಲನ್ನು ತಿಂಗಳು ತಿಂಗಳು ಕೊಡುತ್ತದೆ.

1. ನಿಮ್ಮ ಸಿಕ್ ಪೇ ಎಷ್ಟು?

ಸಿಕ್ ಪೇ ಅಂದರೆ ಕಾಯಿಲೆ ರಜೆಯಲ್ಲಿ ಸಿಗುವ ಸಂಬಳ. ಸ್ಥಳೀಯ ಆಡಳಿತ ನಡೆಸುವ ಶಾಲೆಗಳಲ್ಲಿ ಇದನ್ನು ತೀರ್ಮಾನಿಸುವುದು ಬರ್ಗಂಡಿ ಬುಕ್ ಎಂಬ ಒಪ್ಪಂದ. ಮೊದಲ ವರ್ಷದಲ್ಲಿ 25 ದಿನ ಪೂರ್ತಿ ಸಂಬಳ, 4 ತಿಂಗಳ ಸೇವೆ ಮುಗಿದಿದ್ದರೆ ಆಮೇಲೆ 50 ದಿನ ಅರ್ಧ ಸಂಬಳ. ಎರಡನೇ ವರ್ಷ 50 ಪೂರ್ತಿ, 50 ಅರ್ಧ. ಮೂರನೇ ವರ್ಷ 75 ಮತ್ತು 75. ನಾಲ್ಕನೇ ವರ್ಷದಿಂದ 100 ಮತ್ತು 100.

ಅಕಾಡೆಮಿ ಶಾಲೆಯಾದರೆ (ಸರ್ಕಾರದ ದುಡ್ಡಿನಲ್ಲಿ, ಆದರೆ ಸ್ಥಳೀಯ ಆಡಳಿತದ ಹಿಡಿತವಿಲ್ಲದೆ ನಡೆಯುವ ಶಾಲೆ) ಇದೇ ಲೆಕ್ಕ ಇದೆ ಅಂದುಕೊಳ್ಳಬೇಡಿ. ಬಹಳಷ್ಟು ಅಕಾಡೆಮಿಗಳು ಇದನ್ನೇ ಪಾಲಿಸುತ್ತವೆ, ಆದರೆ ಪಾಲಿಸಲೇಬೇಕು ಅಂತೇನೂ ಇಲ್ಲ. ಖಾಸಗಿ ಶಾಲೆಗಳ ನಿಯಮ ಅವರವರದ್ದು. ಏಜೆನ್ಸಿ ಮೂಲಕ ಸಪ್ಲೈ ಟೀಚರ್, ಅಂದರೆ ಬದಲಿ ಟೀಚರ್, ಆಗಿದ್ದರೆ ಸಾಮಾನ್ಯವಾಗಿ ಸರ್ಕಾರ ಗೊತ್ತುಮಾಡಿದ ಸ್ಟ್ಯಾಚುಟರಿ ಸಿಕ್ ಪೇ ಅಷ್ಟೇ ಗತಿ. ಅದು 2025–26ರಲ್ಲಿ ವಾರಕ್ಕೆ 118.75 ಪೌಂಡ್ ಇತ್ತು, ಅದೂ 28 ವಾರದವರೆಗೆ ಮಾತ್ರ. ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದನ್ನು ನಂಬುವ ಬದಲು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ, ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ.

2. ಡಿಫರ್ಡ್ ಪೀರಿಯಡ್: ಎಲ್ಲರೂ ಎಡವುವುದು ಇಲ್ಲೇ

ಕಾಯಿಲೆ ಬಿದ್ದ ದಿನದಿಂದ ಪಾಲಿಸಿಯ ದುಡ್ಡು ಶುರುವಾಗುವವರೆಗೆ ನೀವು ಕಾಯಬೇಕಾದ ಅವಧಿಗೆ ಡಿಫರ್ಡ್ ಪೀರಿಯಡ್ ಎನ್ನುತ್ತಾರೆ. ಸಾಮಾನ್ಯವಾಗಿ 4, 8, 13, 26 ಅಥವಾ 52 ವಾರ. ಹೆಚ್ಚು ಕಾದಷ್ಟೂ ಪ್ರೀಮಿಯಂ ಕಡಿಮೆ.

ಈಗ ಲೆಕ್ಕ ಮಾಡೋಣ. ನಾಲ್ಕು ವರ್ಷ ಸೇವೆ ಆಗಿರುವ ಟೀಚರ್ ಒಬ್ಬರಿಗೆ 100 ದಿನ ಪೂರ್ತಿ ಸಂಬಳ. ನೂರು ದಿನ ಅಂದರೆ ಮೂರು ತಿಂಗಳ ಮೇಲೆ ಹತ್ತು ದಿನ, ಹಾಗಾದರೆ 13 ವಾರದ ಪಾಲಿಸಿ ಸಾಕು ಅಂತ ಬಹಳ ಜನ ಲೆಕ್ಕ ಹಾಕುತ್ತಾರೆ. ತಪ್ಪು. ಈ 100 ದಿನ ಕ್ಯಾಲೆಂಡರ್ ದಿನ ಅಲ್ಲ, ಕೆಲಸದ ದಿನ. ಪೂರ್ಣಾವಧಿ ಟೀಚರಿಗೆ ವರ್ಷಕ್ಕೆ ಕೆಲಸದ ದಿನ ಇರುವುದೇ 195. ಶನಿವಾರ, ಭಾನುವಾರ, ಹಾಫ್ ಟರ್ಮ್ (ಟರ್ಮಿನ ನಡುವಿನ ರಜೆ), ಕ್ರಿಸ್‌ಮಸ್, ಈಸ್ಟರ್, ಬೇಸಿಗೆ ರಜೆ ಯಾವುದೂ ಇದರಲ್ಲಿ ಕಳೆದುಹೋಗುವುದಿಲ್ಲ.

ಅಕ್ಟೋಬರ್ ಶುರುವಿನಲ್ಲಿ ಅವರು ಹಾಸಿಗೆ ಹಿಡಿದರು ಅಂದುಕೊಳ್ಳಿ. ಕ್ರಿಸ್‌ಮಸ್ ರಜೆಯೊಳಗೆ ಸುಮಾರು 50 ಕೆಲಸದ ದಿನ ಹೋಗುತ್ತದೆ. ಜನವರಿಯಿಂದ ಫೆಬ್ರವರಿಯ ಹಾಫ್ ಟರ್ಮ್‌ವರೆಗೆ ಇನ್ನೊಂದು 30. ಉಳಿದ 20 ಮುಗಿಯುವಾಗ ಮಾರ್ಚ್ ಮಧ್ಯ. ಅಂದರೆ ಪೂರ್ತಿ ಸಂಬಳವೇ ಐದೂವರೆ ತಿಂಗಳು ಬಂತು! ಆಮೇಲೆ ಅರ್ಧ ಸಂಬಳದ 100 ದಿನ. ನಡುವೆ ಈಸ್ಟರ್, ಬೇಸಿಗೆಯ ಆರು ವಾರ ಎಲ್ಲ ಬಂದು ಅದು ಮುಗಿಯುವುದು ಮುಂದಿನ ಅಕ್ಟೋಬರಿಗೆ. ಹತ್ತಿರ ಹತ್ತಿರ ಒಂದು ವರ್ಷ.

ಇಂಥವರು 13 ವಾರದ ಪಾಲಿಸಿ ತೆಗೆದುಕೊಂಡರೆ ಏನಾಗುತ್ತದೆ? 14ನೇ ವಾರ ದುಡ್ಡು ಬರುವುದಿಲ್ಲ, ಬಂದರೂ ಕಡಿತವಾಗಿ ಬರುತ್ತದೆ. ಸಂಬಳ ಮತ್ತು ಪಾಲಿಸಿ ಹಣ ಎರಡೂ ಸೇರಿ ತಮ್ಮ ಮಿತಿ ದಾಟದ ಹಾಗೆ ಕಂಪನಿಯವರು ಮುರಿದುಕೊಳ್ಳುತ್ತಾರೆ. ಬೇಡದ ರಕ್ಷಣೆಗೆ ವರ್ಷಗಟ್ಟಲೆ ಜಾಸ್ತಿ ಪ್ರೀಮಿಯಂ ಕಟ್ಟಿದ ಹಾಗಾಯಿತು, ಅಲ್ವಾ? ಅವರಿಗೆ ಸರಿಯಾದದ್ದು 26 ವಾರ, ಅಥವಾ ಅರ್ಧ ಸಂಬಳದಲ್ಲಿ ಆರು ತಿಂಗಳು ತಳ್ಳುವಷ್ಟು ಉಳಿತಾಯ ಇದ್ದರೆ 52 ವಾರ. ಕೆಲವು ಕಂಪನಿಗಳಲ್ಲಿ ಎರಡು ಹಂತದ ವ್ಯವಸ್ಥೆಯೂ ಇದೆ. 26 ವಾರಕ್ಕೆ ಒಂದು ಪಾಲು, 52 ವಾರಕ್ಕೆ ಉಳಿದದ್ದು. ಸಿಕ್ಕರೆ ನಾನಂತೂ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಟೀಚರುಗಳ ಸಿಕ್ ಪೇಗೆ ಅಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಸಿಕ್ ಪೇ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹಾಗಾದರೆ ಏಪ್ರಿಲ್ 1ಕ್ಕೆ ಹೊಸ 100 ದಿನ ಸಿಗುತ್ತದೆ ಅಂತ ಖುಷಿಪಡುವವರಿದ್ದಾರೆ. ಮಾರ್ಚ್ 31ರಂದು ನೀವು ಸಿಕ್ ಲೀವಿನಲ್ಲೇ ಇದ್ದರೆ ಹೊಸ ಲೆಕ್ಕ ಶುರುವಾಗುವುದಿಲ್ಲ. ಕೆಲಸಕ್ಕೆ ವಾಪಸ್ ಬಂದ ಮೇಲೇ ಅದು. ಮೇಲಿನ ಉದಾಹರಣೆಯ ಟೀಚರಿಗೆ ಅಕ್ಟೋಬರ್ ಆದಮೇಲೆ ಶಾಲೆಯಿಂದ ಏನೂ ಇಲ್ಲ.

ಹೊಸಬರ ಕಥೆ ತದ್ವಿರುದ್ಧ. ಮೊದಲ ವರ್ಷದಲ್ಲಿ 25 ಕೆಲಸದ ದಿನ ಅಂದರೆ ಬರೀ ಐದು ವಾರ. ಅವರು ಸೀನಿಯರ್ ಟೀಚರ್ ಹೇಳಿದರು ಅಂತ 52 ವಾರ ಹಾಕಿಸಿಕೊಂಡರೆ ನಡುವೆ ಉಪವಾಸವೇ. 8 ವಾರದಿಂದ ಶುರು ಮಾಡಿ, ಸೇವೆ ಹೆಚ್ಚಾದ ಹಾಗೆ ಅವಧಿ ಉದ್ದ ಮಾಡಿಸಿಕೊಳ್ಳಿ. ಉದ್ದ ಮಾಡುವುದಕ್ಕೆ ಕಂಪನಿಗಳು ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ. ಗಿಡ್ಡ ಮಾಡಬೇಕೆಂದರೆ ಮಾತ್ರ ಆರೋಗ್ಯದ ಪ್ರಶ್ನೆಗಳೆಲ್ಲ ಮತ್ತೆ ಮೊದಲಿನಿಂದ. 52 ವಾರದ ಪಾಲಿಸಿ ಇಟ್ಟುಕೊಂಡು, ಸಿಕ್ ಪೇ ಕಡಿಮೆ ಇರುವ ಖಾಸಗಿ ಶಾಲೆಗೋ ಸಪ್ಲೈ ಕೆಲಸಕ್ಕೋ ಹಾರುವವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕೆಲಸ ಬದಲಿಸುವ ಮುಂಚೆ ಪಾಲಿಸಿ ತೆಗೆದು ನೋಡಿ.

3. ‘ಓನ್ ಆಕ್ಯುಪೇಶನ್’ ಅಂತ ಇದೆಯಾ?

ಇಲ್ಲದಿದ್ದರೆ ಆ ಪಾಲಿಸಿ ಬಿಡಿ. ನಾನು ಇದರಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ.

ಓನ್ ಆಕ್ಯುಪೇಶನ್ ಅಂದರೆ ನಿಮ್ಮದೇ ಕೆಲಸ, ಅಂದರೆ ಪಾಠ ಮಾಡುವ ಕೆಲಸ, ಮಾಡಲು ಆಗದಿದ್ದರೆ ದುಡ್ಡು. ಸೂಟೆಡ್ ಆಕ್ಯುಪೇಶನ್ ಅಂತಿದ್ದರೆ ನಿಮ್ಮ ಓದು, ಅನುಭವಕ್ಕೆ ಹೊಂದುವ ಬೇರೆ ಯಾವ ಕೆಲಸವೂ ಆಗುವುದಿಲ್ಲ ಅಂತ ತೋರಿಸಬೇಕು. ಸ್ವರತಂತುಗಳಲ್ಲಿ ಗಂಟಾಗಿ ಧ್ವನಿ ಹೋದ ಟೀಚರನ್ನೇ ತೆಗೆದುಕೊಳ್ಳಿ. ಮೂವತ್ತು ಮಕ್ಕಳ ಮುಂದೆ ನಿಂತು ಮಾತಾಡಲು ಆಗುವುದಿಲ್ಲ. ಆದರೆ ಕುಳಿತು ಉತ್ತರ ಪತ್ರಿಕೆ ತಿದ್ದಬಹುದು, ಪಠ್ಯ ಬರೆಯಬಹುದು, ಆಫೀಸಿನಲ್ಲಿ ಫೈಲು ನೋಡಬಹುದು. ಮೊದಲ ಪಾಲಿಸಿಯಲ್ಲಿ ದುಡ್ಡು ಸಿಗುತ್ತದೆ, ಎರಡನೆಯದರಲ್ಲಿ ಕ್ಲೇಮು ಬಿದ್ದುಹೋಗಬಹುದು. ಮೂರನೇ ಬಗೆ ಇನ್ನೂ ಕೆಟ್ಟದ್ದು. ನಡೆಯಲು ಆಗುತ್ತದಾ, ಬಗ್ಗಲು ಆಗುತ್ತದಾ, ಪೆನ್ನು ಹಿಡಿಯಲು ಆಗುತ್ತದಾ ಅಂತ ಪರೀಕ್ಷೆ ಮಾಡುವ ಪಾಲಿಸಿಗಳವು. ಖಿನ್ನತೆಯಿಂದ ತರಗತಿಗೆ ಕಾಲಿಡಲಾಗದ ಟೀಚರ್ ಇದೆಲ್ಲದರಲ್ಲೂ ಪಾಸ್ ಆಗಿಬಿಡುತ್ತಾರೆ.

ಜೊತೆಗೆ, ಒತ್ತಡ ಮತ್ತು ಮಾನಸಿಕ ಕಾಯಿಲೆಗಳನ್ನು ಹೊರಗಿಟ್ಟಿದ್ದಾರಾ ಅಂತಲೂ ನೋಡಿ. ಈ ವೃತ್ತಿಯಲ್ಲಿ ಅವುಗಳಿಗೆ ರಕ್ಷಣೆ ಇಲ್ಲದ ಪಾಲಿಸಿ ಅರ್ಧ ಪಾಲಿಸಿ.

4. ಎಷ್ಟು ದುಡ್ಡು, ಎಷ್ಟು ವರ್ಷ?

ತೆರಿಗೆಗೆ ಮುಂಚಿನ ಸಂಬಳದ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಸಾಮಾನ್ಯವಾಗಿ ಕೊಡುತ್ತಾರೆ. ನಿಮ್ಮ ಪಾಲಿಸಿಗೆ ನೀವೇ ಪ್ರೀಮಿಯಂ ಕಟ್ಟಿದ್ದರೆ ಆ ಹಣಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಅದು ಅಂದುಕೊಂಡಷ್ಟು ಕಡಿಮೆಯೇನಲ್ಲ. ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಾಗುವ ಆಯ್ಕೆ ಹಾಕಿಸಿಕೊಳ್ಳಿ. ಪಾಲಿಸಿ ನಿವೃತ್ತಿಯ ವಯಸ್ಸಿನವರೆಗೆ ಇರಲಿ. ಒಂದು ಕ್ಲೇಮಿಗೆ ಒಂದೋ ಎರಡೋ ವರ್ಷ ಮಾತ್ರ ಕೊಡುವ ಅಗ್ಗದ ಪಾಲಿಸಿಗಳೂ ಇವೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ.

ಮರೆಯದೆ ಕೇಳಬೇಕಾದ್ದು ಒಂದಿದೆ. ಕಾಯಿಲೆಯಿಂದ ಕೆಲಸವೇ ಬಿಡಬೇಕಾಗಿ ಬಂದರೆ ಟೀಚರ್ಸ್ ಪೆನ್ಶನ್ ಸ್ಕೀಮಿನಿಂದ ಅನಾರೋಗ್ಯ ಪಿಂಚಣಿ ಸಿಗಬಹುದು. ಅದು ಬಂದರೆ ಪಾಲಿಸಿ ಹಣದಲ್ಲಿ ಕಡಿತ ಮಾಡುತ್ತಾರಾ? ಫೋನಿನಲ್ಲಿ ‘ಇಲ್ಲ’ ಅಂದರೆ ಸಾಲದು, ಪಾಲಿಸಿಯ ಯಾವ ಪುಟದಲ್ಲಿದೆ ಅಂತ ತೋರಿಸಲಿ.

ಇಲ್ಲಿ ಒಂದು ಎಚ್ಚರಿಕೆ. ಅಪಘಾತ, ಕಾಯಿಲೆ, ನಿರುದ್ಯೋಗ ಮೂರನ್ನೂ ಒಂದರಲ್ಲೇ ಸೇರಿಸಿದ ಕಿರು ಅವಧಿಯ ಪಾಲಿಸಿಗಳು ಅಗ್ಗವಾಗಿ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಆರೋಗ್ಯದ ಪ್ರಶ್ನೆ ಕೇಳುವುದು ಕಡಿಮೆ, ಅದೇ ಆಕರ್ಷಣೆ. ಆದರೆ ಮುಂಚೆ ಇದ್ದ ಕಾಯಿಲೆ ಅಂತ ಕ್ಲೇಮಿನ ಹೊತ್ತಿಗೆ ತೆಗೆದುಹಾಕುತ್ತಾರೆ. ವರ್ಷ ವರ್ಷ ನವೀಕರಿಸುವಾಗ ಷರತ್ತು ಬದಲಿಸಲೂಬಹುದು. ಕಾಯಂ ಕೆಲಸದ ಟೀಚರಿಗೆ ಇದು ಸುಮ್ನೆ ದಂಡ.

5. ಪ್ರೀಮಿಯಂ

ಗ್ಯಾರಂಟೀಡ್, ಅಂದರೆ ಕಂಪನಿ ತನ್ನಿಷ್ಟದಂತೆ ಬದಲಿಸಲಾಗದ ಪ್ರೀಮಿಯಂ, ತೆಗೆದುಕೊಳ್ಳಿ. ರಿವ್ಯೂವಬಲ್ ಪ್ರೀಮಿಯಂ ಮೊದಲು ಕಡಿಮೆ ಇದ್ದು, ಆಮೇಲೆ ಕಂಪನಿಯ ಇಷ್ಟದಂತೆ ಏರಬಹುದು.

6. ಅರ್ಜಿ ತುಂಬುವುದು

ಕೇಳಿದ ಪ್ರಶ್ನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬ್ರಿಟನ್ನಿನಲ್ಲಿ 2012ರ ಕಾಯಿದೆಯ ಪ್ರಕಾರ ಅಜಾಗರೂಕತೆಯಿಂದ ತಪ್ಪು ಹೇಳಿದರೂ ಕ್ಲೇಮಿನ ಹಣ ಕಡಿತ ಆಗಬಹುದು. ಬೇಕೆಂದೇ ಮುಚ್ಚಿಟ್ಟಿದ್ದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ಜನ ಬಿಡುವುದು ದೊಡ್ಡ ಕಾಯಿಲೆಗಳನ್ನಲ್ಲ. ಪರೀಕ್ಷೆ ಸಮಯದಲ್ಲಿ ನಿದ್ದೆ ಬರುತ್ತಿಲ್ಲ ಅಂತ ಒಂದು ಸಲ ಡಾಕ್ಟರ ಹತ್ತಿರ ಹೋದದ್ದು, ಬೆನ್ನಿಗೆ ಫಿಸಿಯೊ ಮಾಡಿಸಿಕೊಂಡದ್ದು, ಶಾಲೆಯ ಮೂಲಕ ಕೌನ್ಸೆಲಿಂಗ್ ತೆಗೆದುಕೊಂಡದ್ದು. ಇವು ಮರೆತುಹೋಗುತ್ತವೆ, ಆದರೆ ಡಾಕ್ಟರ ದಾಖಲೆಯಲ್ಲಿ ತಾರೀಖಿನ ಸಮೇತ ಇರುತ್ತವೆ. ಅರ್ಜಿ ತುಂಬುವ ಮುಂಚೆ ನಿಮ್ಮ ಜಿಪಿಯಿಂದ (ನೀವು ಹೆಸರು ನೋಂದಾಯಿಸಿದ ಡಾಕ್ಟರು) ದಾಖಲೆಯ ಪ್ರತಿ ತರಿಸಿಕೊಂಡು, ಪಕ್ಕದಲ್ಲಿಟ್ಟುಕೊಂಡು ತುಂಬಿ. ಏಜೆಂಟ್ ‘ಅದೆಲ್ಲ ಬೇಡ ಬಿಡಿ’ ಅಂದರೆ ಏಜೆಂಟನ್ನೇ ಬಿಡಿ.

7. ಪಾಲಿಸಿ ಕೈಗೆ ಬಂದ ಮೇಲೆ

ಬೇಡ ಅನಿಸಿದರೆ 30 ದಿನದೊಳಗೆ ರದ್ದು ಮಾಡಿ, ಕಟ್ಟಿದ ಹಣ ವಾಪಸ್ ಪಡೆಯಬಹುದು. ಆ ದಿನಗಳಲ್ಲಿ ಮೂರು ಸಾಲು ಹುಡುಕಿ: ಡಿಫರ್ಡ್ ಪೀರಿಯಡ್, ಆಕ್ಯುಪೇಶನ್ ವ್ಯಾಖ್ಯೆ, ಹೊರಗಿಟ್ಟ ಕಾಯಿಲೆಗಳು. ಕೊಟೇಶನ್ನಿನಲ್ಲಿ ಇದ್ದದ್ದಕ್ಕೂ ಇದಕ್ಕೂ ಹೊಂದದಿದ್ದರೆ ಆಗಲೇ ಕೇಳಿ. ಮುಂದೆ ಕ್ಲೇಮಿನ ಜಗಳ ಬಂದು ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವೀಸ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಎಚ್‌ಆರ್‌ನಿಂದ ಬಂದ ಆ ಇಮೇಲನ್ನೂ ಪಾಲಿಸಿಯ ಜೊತೆಗೇ ಇಡಿ. ಕ್ಲೇಮಿನ ದಿನ ಸಿಕ್ ಪೇ ಯಾವಾಗ ನಿಂತಿತು ಅಂತ ವಿಮಾ ಕಂಪನಿಯವರು ಮೊದಲು ಕೇಳುತ್ತಾರೆ.